ಗಂಟೆಯಿಲ್ಲದ ಬಂಡಿ ಗುದ್ದಿದ್ದು

"ನನ್ನ ಸೀಮೆಯಲ್ಲಿ ಬಂಡಿ ಮುರಿಯಬಹುದು, ಬಂಡಿಯವನ ಮನಸ್ಸು ಮಾತ್ರ ಮುರಿಯೋದಿಲ್ಲ!" ಎಂದು ಕೊಂಬಿನಕೋಟೆಯ ದೊರೆ ಗಜಪ್ಪ ನಾಯಕ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಕೇಳುವವರು ಯಾರೂ ಸಿಗದಿದ್ದರೆ ಕಂಬಕ್ಕೆ ಹೇಳುತ್ತಿದ್ದ.

ಹೇಳಿಕೊಳ್ಳುವಂಥ ಏರ್ಪಾಡೇ ಅದು. ಬಂಡಿಯಿದ್ದವರೆಲ್ಲ ವರ್ಷಕ್ಕೊಂದು ಚೀಲ ರಾಗಿಯನ್ನು ಅರಮನೆಯ ಕಣಜಕ್ಕೆ ಸುರಿಯಬೇಕು. ಸುರಿದವರ ಬಂಡಿಗೆ ಒಂದು ಹಿತ್ತಾಳೆ ಗಂಟೆ ಕಟ್ಟುತ್ತಾರೆ. ಗಂಟೆ ಕಟ್ಟಿದ ಬಂಡಿ ಯಾರಿಗಾದರೂ ಗುದ್ದಿದರೆ, ಪೆಟ್ಟು ತಿಂದವರಿಗೆ ಗಾಲಿಯೋ ಎತ್ತೋ ಅರಮನೆಯೇ ಕೊಡುತ್ತದೆ. ಗಂಟೆಯಿಲ್ಲದ ಬಂಡಿ ರಸ್ತೆಗೆ ಇಳಿಯಲೇಕೂಡದು. ದೊರೆ ಕೂಡ ಒಂದು ಚೀಲ ಸುರಿದು, ತನ್ನ ರಥಕ್ಕೆ ಎಲ್ಲರಿಗಿಂತ ದೊಡ್ಡ ಗಂಟೆ ಕಟ್ಟಿಸಿಕೊಂಡಿದ್ದ.

ಆಯುಧಪೂಜೆಗೆ ಮೂರು ದಿನವಿರುವಾಗ ಕುಂಬಾರರ ಸಂಕವ್ವ ಮುರಿದ ಗಾಲಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಸಭೆಗೆ ಬಂದಳು.

"ಬುದ್ಧೀ, ಒಂದು ಕುದುರೆಗಾಡಿ ಗುದ್ದಿಬಿಡ್ತು. ಗಾಲಿ ಹೋಯ್ತು, ಎತ್ತಿನ ಕಾಲು ಹೋಯ್ತು. ಅವನು ತಿರುಗಿ ಸಹ ನೋಡಲಿಲ್ಲ. ಮನೆತುಂಬ ದೀಪಾವಳಿ ಹಣತೆ ಇದಾವೆ. ಬಂಡಿಯಿಲ್ದೆ ಸಂತೆಗೆ ಹೆಂಗೆ ಸಾಗಿಸ್ಲಿ? ಹಬ್ಬ ಆದ್ಮೇಲೆ ಹಣತೆ ಯಾರು ಕೊಳ್ತಾರೆ? ವರ್ಷದ ಗಂಜಿ ಅದರಲ್ಲೇ ಐತೆ."

ಗಂಟೆಗಳ ಅಧಿಕಾರಿ ಅನಂತಪ್ಪಯ್ಯ ಮುಂದೆ ಬಂದ. "ಗುದ್ದಿದ ಗಾಡಿಗೆ ಗಂಟೆ ಇತ್ತೇನಮ್ಮ?"

"ಇರಲಿಲ್ಲ ಸ್ವಾಮಿ."

"ಹಾಗಾದರೆ ಅದು ಗುದ್ದಿಲ್ಲ."

"ಆಂ?"

"ಗಂಟೆಯಿಲ್ಲದ ಗಾಡಿ ರಸ್ತೆಗೆ ಇಳಿಯಕೂಡದು, ಇದು ದೊರೆಗಳ ಆಜ್ಞೆ. ಆಜ್ಞೆ ಮೀರುವವರು ನಮ್ಮ ಸೀಮೆಯಲ್ಲೇ ಇಲ್ಲ. ಅಂದಮೇಲೆ ಆ ಗಾಡಿ ರಸ್ತೆಯಲ್ಲಿರಲಿಲ್ಲ. ಇಲ್ಲದ ಗಾಡಿ ಹೇಗಮ್ಮ ಗುದ್ದುತ್ತೆ?"

"ಹಂಗಾದ್ರೆ ನನ್ನ ಗಾಲಿ?"

"ತಾನೇ ಮುರಿದುಕೊಂಡಿದೆ. ವಯಸ್ಸಾಗಿರಬೇಕು."

"ಎತ್ತಿನ ಕಾಲು?"

"ಗಾಲಿಯನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಿದೆ."

"ನನ್ನ ಬಂಡೀಗೆ ಗಂಟೆ ಐತಲ್ಲ ಸ್ವಾಮಿ! ಐದು ವರ್ಷದಿಂದ ರಾಗಿ ಸುರಿದಿವ್ನಿ!"

"ಅದು ನೀನು ಯಾರಿಗಾದರೂ ಗುದ್ದಿದರೆ ಅಂತ. ಹೋಗಿ ಯಾರಿಗಾದರೂ ಗುದ್ದು, ಆಮೇಲೆ ಮಾತಾಡೋಣ."

ದೊರೆ ತೊಡೆ ತಟ್ಟಿದ. "ಕೇಳಿದಿರಾ? ನನ್ನ ಆಜ್ಞೆ ಎಷ್ಟು ಗಟ್ಟಿ ಅಂದರೆ, ಮೀರಿದವರೂ ಮೀರಿರೋದಿಲ್ಲ!"

ಸಿಂಹಾಸನದ ಹಿಂದೆ ನಿಂತು ದೊರೆಗೆ ವೀಳ್ಯ ಮಡಿಸಿಕೊಡುವ ನೀಲಾಜಿ ಇದನ್ನೆಲ್ಲ ಕೇಳುತ್ತಿದ್ದಳು. ಅವಳು ಮಾತಾಡುವುದೇ ಅಪರೂಪ. ಅವತ್ತು ದೊರೆಯ ವೀಳ್ಯಕ್ಕೆ ಸುಣ್ಣ ಮಾತ್ರ ಸ್ವಲ್ಪ ಜಾಸ್ತಿ ಬಿತ್ತು.

ಆಯುಧಪೂಜೆಯ ದಿನ ರಥಕ್ಕೆ ಸ್ನಾನವಾಯಿತು, ಚೆಂಡುಹೂವಾಯಿತು, ಬಾಳೆಕಂದಾಯಿತು. ದೊರೆ ಮೇಲೆ ಕೂತ. ಪುರೋಹಿತರು ದೃಷ್ಟಿ ತೆಗೆಯಲು ಬೂದುಗುಂಬಳಕಾಯಿ ಎತ್ತಿದರು. ಅಷ್ಟರಲ್ಲಿ ಆನೆಲಾಯದ ಇಳಿಜಾರಿನಿಂದ ಒಂದು ಎಮ್ಮೆಬಂಡಿ ಧಡಧಡ ಇಳಿದು ಬಂತು. ಬಂಡಿಯ ತುಂಬ ಬೂದುಗುಂಬಳ. ಹಗ್ಗ ಹಿಡಿದವಳು ನೀಲಾಜಿ.

"ಪಕ್ಕಕ್ಕೆ! ಪಕ್ಕಕ್ಕೆ!" ಎಂದು ಕಾವಲುಗಾರರು ಕೂಗಿದರು.

"ಎಮ್ಮೆಗೇ ಹೇಳಿ! ನನ್ನ ಮಾತು ಕೇಳ್ತಿಲ್ಲ!"

ಢಮಾರ್! ರಥದ ಗಾಲಿ ಒಂದು ಕಡೆ, ದೊರೆ ಒಂದು ಕಡೆ. ನಲವತ್ತು ಕುಂಬಳಕಾಯಿ ಒಟ್ಟಿಗೇ ಒಡೆದವು. ಕಿರೀಟ ಉರುಳಿ ಹೋಗಿ, ಉಳಿದಿದ್ದ ಒಂದೇ ಒಂದು ಕಾಯಿಯ ತಲೆಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಪುರೋಹಿತರು ತಮ್ಮ ಕೈಲಿದ್ದ ಕಾಯಿಯನ್ನು ನೋಡಿಕೊಂಡು, "ಇನ್ನು ಇದನ್ನೂ ಒಡೀಬೇಕಾ?" ಎಂದರು. ಎಮ್ಮೆ ಬಾಳೆಕಂದು ತಿನ್ನತೊಡಗಿತು.

"ನೀಲಾಜೀ! ನನ್ನ ರಥಕ್ಕೇ ಗುದ್ದಿದೆಯಾ?"

"ನಾನಾ, ಮಹಾಸ್ವಾಮಿ? ಈ ಬಂಡಿಗೆ ಗಂಟೆಯಿಲ್ಲ. ಅಂದಮೇಲೆ ನಾನು ಬಂದೇ ಇಲ್ಲ. ಬೇಕಾದರೆ ಅನಂತಪ್ಪಯ್ಯನವರನ್ನು ಕೇಳಿ."

ದೊರೆ ತಿರುಗಿದ. "ಅನಂತಪ್ಪಯ್ಯ, ನನ್ನ ಸೊಂಟ ಉಳುಕಿಸಿದ್ದು ಯಾರು?"

"ಅದು... ಸೊಂಟ... ತಾನೇ..."

"ವಯಸ್ಸಾಗಿದೆ ಅಂತೀಯಾ?"

"ಛೆ ಛೆ! ರಥವನ್ನು ನೋಡಿ ಮನಸ್ಸಿಗೆ ಹಚ್ಚಿಕೊಂಡಿದೆ."

"ಹಿಡೀರೋ ಇವಳನ್ನ!"

"ಹಿಡೀಲಿ," ಎಂದಳು ನೀಲಾಜಿ. "ಹಿಡಿದರೆ ನಾನು ಬಂದದ್ದು ನಿಜ ಅಂತಾಗುತ್ತೆ. ನಾನು ಬಂದದ್ದು ನಿಜವಾದರೆ, ಸಂಕವ್ವನಿಗೆ ಗುದ್ದಿದ ಕುದುರೆಗಾಡಿಯೂ ನಿಜ."

ಕಾವಲುಗಾರರ ಕೈ ಗಾಳಿಯಲ್ಲೇ ನಿಂತಿತು. ದೊರೆ ಪುರೋಹಿತರ ಕೈಲಿದ್ದ ಕಾಯಿಯನ್ನು ಕಸಿದುಕೊಂಡು ಅದರ ಮೇಲೇ ಕೂತ. ಬಹಳ ಹೊತ್ತು ಸೊಂಟ ನೀವಿಕೊಂಡ.

"ಸರಿ, ಗಾಡಿ ಬಂತು, ಗುದ್ದಿತು. ಆದರೆ ಗುದ್ದಿದವನು ಒಂದು ಕಾಳು ರಾಗಿ ಕೊಟ್ಟಿಲ್ಲವಲ್ಲ ನೀಲಾಜಿ. ನಾನು ಯಾವ ಲೆಕ್ಕದಲ್ಲಿ ಗಾಲಿ ಕೊಡಲಿ?"

"ಅವನು ಕೊಟ್ಟಿಲ್ಲ, ಸಂಕವ್ವ ಕೊಟ್ಟಿದ್ದಾಳೆ. ಅವಳ ರಾಗಿ ನಿಮ್ಮ ಕಣಜದಲ್ಲೇ ಇದೆ."

"ಅದು ಅವಳು ಗುದ್ದಿದರೆ ಅಂತ ಕೊಟ್ಟಿದ್ದು."

"ಮಳೆಗೆ ಅಂತ ಕೊಡೆ ತಂದವನು, ಮೇಲಿಂದ ಕಾಗೆ ಹಿಕ್ಕೆ ಹಾಕಿದರೆ ಕೊಡೆ ಮಡಿಚಿ ನಿಲ್ತಾನಾ, ಮಹಾಸ್ವಾಮಿ?"

ದೊರೆಗೆ ನಗು ಬಂತು, ಸೊಂಟ ನೋಯಿತು, ಆದರೂ ನಕ್ಕ. "ಇವತ್ತಿನಿಂದ ಹೊಸ ಆಜ್ಞೆ. ವರ್ಷಕ್ಕೆ ಒಂದು ಸೇರು ರಾಗಿ ಹೆಚ್ಚು. ಗಂಟೆಯಿದ್ದವರಿಗೆ ಗಂಟೆಯಿಲ್ಲದವನು ಗುದ್ದಿದರೂ ಅರಮನೆಯೇ ಗಾಲಿ ಕೊಡುತ್ತೆ, ಎತ್ತೂ ಕೊಡುತ್ತೆ. ಸಂಕವ್ವನಿಗೆ ಈಗಲೇ ಕಳಿಸಿ. ಹಣತೆ ಸಂತೆಗೆ ಹೋಗಲಿ."

ಅನಂತಪ್ಪಯ್ಯನಿಗೆ ಹೊಟ್ಟೆಯುರಿಯಿತು. "ಎಲ್ಲ ಸರಿ ಮಹಾಸ್ವಾಮಿ. ಗುದ್ದಿ ಓಡಿಹೋದವನನ್ನು ಹುಡುಕಿ ಹಿಡಿದು, ಗಾಲಿಯ ಖರ್ಚು ವಸೂಲಿ ಮಾಡೋದು ಯಾರು? ಅಷ್ಟಾದರೂ ಪೆಟ್ಟು ತಿಂದವರೇ ಮಾಡಬೇಕಪ್ಪ!"

ನೀಲಾಜಿ ಸೆರಗಿನಿಂದ ಕುಂಬಳದ ಬೀಜ ಕೊಡವಿಕೊಂಡಳು.

"ಸ್ವಾಮಿ, ಸಂಕವ್ವನ ಹತ್ತಿರ ಒಂದು ಕುಂಟೆತ್ತಿದೆ. ಅರಮನೆಯಲ್ಲಿ ಮುನ್ನೂರು ಕುದುರೆ ಇವೆ. ಓಡಿಹೋದವನನ್ನು ಹಿಡಿಯೋಕೆ ಯಾರು ಹೋಗಬೇಕು, ನೀವೇ ಹೇಳಿ."

ದೊರೆ ಕಾಯಿಯ ಮೇಲಿಂದ ಉರುಳಿ ಬೀಳುವಷ್ಟು ನಕ್ಕ. ಬಿದ್ದಲ್ಲಿಂದಲೇ ತನ್ನ ಕೊರಳಿನ ಹಾರ ತೆಗೆದು ನೀಲಾಜಿಯ ಕಡೆ ಎಸೆದು, ಕಣ್ಣೊರೆಸಿಕೊಂಡು ಹೇಳಿದ:

"ಅನಂತಪ್ಪಯ್ಯ, ಕುದುರೆ ಹತ್ತು."