ದಪ್ಪ ಕಡತದ ಅಡಿಯಲ್ಲಿ

ಕೋರ್ಟಿನ ಗುಮಾಸ್ತರು ಕೊಲೆ ಕೇಸಿನ ದಪ್ಪ ಕಡತದ ಹಾಳೆಗಳು ಮಡಚಿಕೊಳ್ಳದಿರಲೆಂದು ಅದರ ಅಡಿಗೆ ಒಂದು ತೆಳು ಕಡತವನ್ನಿಟ್ಟು ದಾರ ಬಿಗಿದಿದ್ದರು.

“ನಿನ್ನದು ಯಾವ ಕೇಸು?” ಎಂದು ಒಂದು ದಿನ ದಪ್ಪ ಕಡತ ಕೇಳಿತು.

“ನನ್ನವನು ಬಸ್ ಸ್ಟ್ಯಾಂಡಿನಲ್ಲಿ ಕುಡಿದು ಹೊಡೆದಾಡಿದ. ಹೆಚ್ಚೆಂದರೆ ಒಂದು ತಿಂಗಳ ಶಿಕ್ಷೆ,” ಎಂದಿತು ತೆಳು ಕಡತ.

“ಅಷ್ಟೇನಾ? ನಮ್ಮ ಯಜಮಾನರದು ಕೊಲೆ ಆರೋಪ. ಮೂವರು ವಕೀಲರಿದ್ದರು, ಜಾಮೀನು ಸಿಕ್ಕಿ ಮನೆಯಲ್ಲಿದ್ದಾರೆ. ನಿನ್ನವನೂ ಮನೆಯಲ್ಲೇ ಇರಬೇಕಲ್ಲ?”

“ಇಲ್ಲ. ಜಾಮೀನಿಗೆ ನಿಲ್ಲುವವರು ಯಾರೂ ಸಿಗಲಿಲ್ಲ. ಹತ್ತು ತಿಂಗಳಿಂದ ಜೈಲಿನಲ್ಲಿದ್ದಾನೆ.”

“ನಿನ್ನನ್ನು ನ್ಯಾಯಾಧೀಶರ ಮುಂದೆ ಒಯ್ಯಲೇ ಇಲ್ಲವೇ?”

“ನಿಮ್ಮ ಪ್ರತಿ ವಾಯಿದೆಗೂ ನಾನು ಅವರ ಮೇಜಿಗೆ ಹೋಗಿ ಬಂದಿದ್ದೇನೆ. ನಿಮ್ಮ ಅಡಿಯಲ್ಲಿದ್ದೆ.”

ದಪ್ಪ ಕಡತಕ್ಕೆ ತನ್ನ ಭಾರ ತನಗೇ ನಾಚಿಕೆಯೆನಿಸಿತು. ಮುಂದಿನ ವಾಯಿದೆಯ ದಿನ ಅದು ಮೇಜಿನ ಮೇಲೆ ತಾನಾಗಿಯೇ ದಾರ ಸಡಿಲಿಸಿ ಪಕ್ಕಕ್ಕೆ ಜಾರಿತು. ತೆಳು ಕಡತ ಹೊರಬಂತು.

ನ್ಯಾಯಾಧೀಶರು ಅದನ್ನು ಓದಿದರು. ಮತ್ತೊಮ್ಮೆ ತಾರೀಖು ನೋಡಿದರು.

“ಇಷ್ಟು ದಿನ ಇದು ಎಲ್ಲಿತ್ತು?”

ಗುಮಾಸ್ತರು ನೆಲ ನೋಡುತ್ತ, “ತಮ್ಮ ಮೇಜಿನ ಮೇಲೇ ಇತ್ತು, ಮಹಾಸ್ವಾಮಿ,” ಎಂದರು.

ಬಿಡುಗಡೆಯ ಆದೇಶಕ್ಕೆ ಸಹಿ ಹಾಕಿದ ನ್ಯಾಯಾಧೀಶರು ಮೇಜಿನ ಮೇಲಿದ್ದ ಉಳಿದ ಕಡತಗಳ ದಾರವನ್ನು ತಾವೇ ಬಿಚ್ಚತೊಡಗಿದರು.