ಅಲುಗಿಸಿದ ಬುಟ್ಟಿ

ಆಶ್ರಮದ ಲೆಕ್ಕ ನೋಡಿಕೊಳ್ಳುತ್ತಿದ್ದ ಶಿಷ್ಯ ವಾಮನ ಒಮ್ಮೆ ಕೇಳಿದ: “ಗುರುಗಳೇ, ಮಣ್ಣು ನೀರು ಕೆಡಿಸದ ಕಂಪನಿಯೊಂದರ ಷೇರಿನಲ್ಲಿ ನನ್ನ ಹಣ ಹಾಕಿದ್ದೆ. ಒಂದೇ ವರ್ಷದಲ್ಲಿ ಎರಡರಷ್ಟಾಗಿದೆ. ಪುಣ್ಯವೂ ಬಂತು, ಲಾಭವೂ ಬಂತು. ಅನ್ನದಾನದ ನಿಧಿಯನ್ನೂ ಅಲ್ಲಿಗೇ ಹಾಕೋಣವೇ?”

“ಕೂತುಕೋ. ನಿನಗೆ ಯಾವಾಗಲೂ ಅವಸರ” ಎಂದು ಗುರುಗಳು ಕತೆ ಶುರುಮಾಡಿದರು.

ನದಿ ಸಮುದ್ರ ಸೇರುವ ಜಾಗದಲ್ಲಿ ಒಂದು ಊರು. ಇಳಿತದ ಹೊತ್ತಿಗೆ ಅಲ್ಲಿನ ಹೆಂಗಸರು ಸೊಂಟಮಟ್ಟದ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಅವರದೊಂದು ರೂಢಿ. ಬುಟ್ಟಿಯನ್ನು ಸಡಿಲವಾಗಿ ಹೆಣೆಯುವುದು, ತುಂಬಿದ ಮೇಲೆ ನೀರಿನಲ್ಲೇ ಚೆನ್ನಾಗಿ ಅಲುಗಿಸಿ ಎತ್ತುವುದು. ಮರಿಗಳು ಉದುರಿ ನದಿಗೇ ಸೇರುತ್ತಿದ್ದವು. ಇದನ್ನು ಯಾರೂ ದೊಡ್ಡ ಧರ್ಮ ಎಂದುಕೊಂಡಿರಲಿಲ್ಲ. ಮುಂದಿನ ವರ್ಷವೂ ಉಣ್ಣಬೇಕಲ್ಲ, ಅಷ್ಟೇ.

ಒಬ್ಬ ವ್ಯಾಪಾರಿ ಇದನ್ನು ಕಂಡು ಬೆರಗಾದ. ಕಪಟಿಯೇನಲ್ಲ ಪಾಪ, ನಿಜಕ್ಕೂ ಮೆಚ್ಚಿದ. ಊರಿನ ಬಳಚನ್ನೆಲ್ಲ ತಾನೇ ಕೊಂಡು ಪಟ್ಟಣದಲ್ಲಿ ಮಾರುವ ಕಂಪನಿ ಕಟ್ಟಿ ಷೇರು ಮಾರಿದ. ಬುಟ್ಟಿ ಅಲುಗಿಸುವ ಹೆಂಗಸಿನ ಚಿತ್ರವೇ ಕಂಪನಿಯ ಗುರುತು. ಪಟ್ಟಣದವರು ಮುಗಿಬಿದ್ದು ಕೊಂಡರು. ಹಣವೂ ಬೆಳೆಯುತ್ತದೆ, ನದಿಯೂ ಉಳಿಯುತ್ತದೆ ಎಂದರೆ ಯಾರಿಗೆ ಬೇಡ?

ಮರುವರ್ಷ ಅವರು ಹೆಚ್ಚಿನ ಲಾಭ ಕೇಳಿದರು. ವ್ಯಾಪಾರಿ ಊರಿಗೆ ಬಂದು ಬಳಚು ಆರಿಸುವ ಒಬ್ಬ ಮುದುಕಿಗೆ ಹೇಳಿದ: “ಸರಕು ಸಾಲುತ್ತಿಲ್ಲ ಅಮ್ಮಾ. ಹಣ ಹಾಕಿದವರು ಪ್ರಾಣ ತಿನ್ನುತ್ತಿದ್ದಾರೆ.”

“ಯಾಕೆ ಹಾಕಿದರಂತೆ?”

“ನದಿ ಉಳಿಯಲಿ ಅಂತ.”

“ಉಳಿದಿದೆ ಅಂತ ಹೇಳಿ, ಸಾಹುಕಾರ್ರೇ.”

ಅದೊಂದು ಮಾತು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ನದಿ ಉಳಿದಿದೆ, ಲಾಭ ಇಷ್ಟೇ ಎಂದರೆ ಷೇರಿನ ಬೆಲೆ ಬೀಳುತ್ತದೆ. ಹೊಸ ಬುಟ್ಟಿಗಳನ್ನು ಮಾಡಿಸಿ ಪುಕ್ಕಟೆ ಹಂಚಿದ. ಹೆಣಿಗೆ ಬಿಗಿ, ಒಂದು ಮರಿಯೂ ಉದುರದು. ಹಳೆಯ ಬುಟ್ಟಿಯಲ್ಲಿ ತಂದದ್ದನ್ನು ಕೊಳ್ಳುವುದಿಲ್ಲ ಎಂದ. ಮುದುಕಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಆದರೆ ಕೊಳ್ಳುವವರು ಬೇರೆ ಯಾರೂ ಉಳಿದಿರಲಿಲ್ಲ. ಅವಳೂ ಹೊಸ ಬುಟ್ಟಿ ಹಿಡಿದಳು.

ಹಾಗೆಂದು ಯಾರೂ ರೂಢಿ ಬಿಡಲಿಲ್ಲ. ಬಿಗಿ ಬುಟ್ಟಿಯನ್ನೂ ಅಲುಗಿಸಿಯೇ ಎತ್ತಿದರು. ಷೇರುದಾರರ ಪರವಾಗಿ ತಪಾಸಣೆಗೆ ಬಂದವರು ದಡದಲ್ಲೇ ನಿಂತು ನೋಡಿದರು. ಬುಟ್ಟಿ ಅಲುಗಿಸುತ್ತಿದ್ದಾರೆ, ಎಲ್ಲ ಸರಿಯಿದೆ ಎಂದು ವರದಿ ಕೊಟ್ಟರು. ನೀರಿಗಿಳಿದರೆ ಪಂಚೆ ಪ್ಯಾಂಟು ಒದ್ದೆಯಾಗುತ್ತದಲ್ಲ. ಆ ವರ್ಷ ಬಳಚು ರಾಶಿ ರಾಶಿ ಬಂತು. ಷೇರಿನ ಬೆಲೆ ಎರಡರಷ್ಟಾಯಿತು.

ಅದರ ಮುಂದಿನ ವರ್ಷ ನದಿಯಲ್ಲಿ ಕೈ ಹಾಕಿದಲ್ಲೆಲ್ಲ ಬರೀ ಕೆಸರು. ಹಣವಂತರು ಹೊತ್ತಿಗೆ ಸರಿಯಾಗಿ ಷೇರು ಮಾರಿ, ಇನ್ನೊಂದು ಒಳ್ಳೆಯ ಕಂಪನಿ ಹುಡುಕಿಕೊಂಡರು. ಮುದುಕಿಗೆ ಇನ್ನೊಂದು ನದಿ ಸಿಗಲಿಲ್ಲ. ಮೊಮ್ಮಕ್ಕಳನ್ನು ಕರೆದುಕೊಂಡು ಅನ್ನ ಹಾಕುವ ಆಶ್ರಮವೊಂದರ ಬಾಗಿಲಿಗೆ ಹೋದಳು.

ಕತೆ ಮುಗಿಸಿದ ಗುರುಗಳು ಶಿಷ್ಯನ ಕಡೆ ತಿರುಗಿದರು.

“ಈಗ ಹೇಳು ವಾಮನ, ನಿನ್ನ ಹಣ ಒಂದೇ ವರ್ಷದಲ್ಲಿ ಎಷ್ಟಾಯಿತು ಅಂದೆ?”