ಮಾಚಲೆಯ ಎರಡನೆಯ ತವರು

"ಗುರುಗಳೇ, ಅರಮನೆಯ ಹೆಂಗಸರಿಂದ ರಾಜ್ಯಕ್ಕೆ ಏನು ಪ್ರಯೋಜನವಾಗಿದೆ?" ಎಂದು ಶಿಷ್ಯ ಕೇತಯ್ಯ ಕೇಳಿದ. "ಯುದ್ಧದ ಹಾಡುಗಳನ್ನೆಲ್ಲ ಕೇಳಿದ್ದೇನೆ. ಒಂದರಲ್ಲೂ ಅವರಿಲ್ಲ."

ಗುರುಗಳು ನಕ್ಕರು. "ಹಾಡು ಕೇಳಿ ರಾಜ್ಯವನ್ನು ತಿಳಿದುಕೊಂಡೆಯಾ? ಭೇಷ್. ಕೂತುಕೋ" ಎಂದು ಹೇಳತೊಡಗಿದರು.

ಒಂದು ಸೀಮೆಗೆ ಒಬ್ಬ ನಾಯಕನಿದ್ದ. ಅವನ ಹೆಂಡತಿ ಮಾಚಲೆ. ಗಂಡಸರ ಹೆಸರು ಬೇಡ ಬಿಡು, ಅವು ಹೇಗೂ ಹಾಡಿನಲ್ಲಿವೆ. ನೆರೆಸೀಮೆಯ ನಾಯಕನಿಗೂ ಇವನಿಗೂ ಒಂದು ಹುಲ್ಲುಗಾವಲಿಗಾಗಿ ಜಗಳ ಹತ್ತಿತು. ಮಾತಿಗೆ ಮಾತು ಬೆಳೆಯಿತು. ಇಬ್ಬರೂ ಹಟಮಾರಿಗಳು. ಕೊನೆಗೆ ಎರಡು ದಂಡುಗಳೂ ಗಡಿಯಲ್ಲಿ ಎದುರುಬದುರು ಬೀಡುಬಿಟ್ಟವು. ಮಾಚಲೆಗೆ ಒಬ್ಬನೇ ಮಗ. ಇನ್ನೂ ಮೀಸೆ ಚಿಗುರಿರಲಿಲ್ಲ. ನಾಯಕನ ಮಗನಲ್ಲವೇ, ಅವನನ್ನೇ ಮುಂದಿನ ಸಾಲಿನಲ್ಲಿ ನಿಲ್ಲಿಸಿದ್ದರು.

ಆ ಕಡೆಯಲ್ಲೆಲ್ಲ ಒಂದು ಪದ್ಧತಿ ಇತ್ತು. ಒಂದು ಮನೆಯ ಹಿರಿಯಳು ತಾಯಿಯ ಸ್ಥಾನದಲ್ಲಿ ನಿಂತು, ಅಕ್ಕಿ ತೆಂಗಿನಕಾಯಿ ಹಾಕಿ ಯಾರ ಮಡಿಲು ತುಂಬಿದರೂ ಅವಳು ಆ ಮನೆಯ ಮಗಳು. ಮಗಳು ಬಾಳುವ ಮನೆಯ ಮೇಲೆ ತವರಿನವರು ಕತ್ತಿ ಎತ್ತುವಂತಿಲ್ಲ. ಆದರೆ ಹೆಣ್ಣಿಗೆ ತವರು ಒಂದೇ. ಹೊಸದು ಬಂದರೆ ಹಳೆಯದು ಹೋಯಿತು.

ದೇವಿಯ ಹರಕೆ ಇದೆ ಎಂದು ಹೇಳಿ ಮಾಚಲೆ ಮೇನೆ ಹತ್ತಿದಳು. ಹೋದದ್ದು ನೆರೆಸೀಮೆಯ ನಾಯಕನ ಮನೆಗೆ. ಅವನ ಮುದಿ ತಾಯಿಯ ಮುಂದೆ ಕೂತು ಸೆರಗೊಡ್ಡಿದಳು.

ಮುದುಕಿಗೆ ಎಲ್ಲ ಅರ್ಥವಾಯಿತು. "ಹೆತ್ತಮ್ಮ ಇದ್ದಾಳೇನೇ?" ಎಂದಳು.

"ಇದ್ದಾಳಮ್ಮ. ವರ್ಷಾವರ್ಷ ಗೌರಿಹಬ್ಬಕ್ಕೆ ಬಾಗಿನ ಕಳಿಸುತ್ತಾಳೆ."

"ಇನ್ನು ಅದನ್ನು ಮುಟ್ಟುವಂತಿಲ್ಲ, ಆ ಹೊಸ್ತಿಲು ತುಳಿಯುವಂತಿಲ್ಲ. ತುಳಿದರೆ ನಮ್ಮ ನಂಟು ಕಡಿಯಿತು, ನನ್ನ ಮಗನ ಕತ್ತಿಗೆ ತಡೆಯಿಲ್ಲ. ಯೋಚನೆ ಮಾಡು ತಾಯಿ."

"ಮಾಡಿಯೇ ಬಂದಿದ್ದೇನೆ. ನನ್ನ ಮಗ ಬದುಕಬೇಕು. ನಿಮ್ಮ ಮಗನೂ ಬದುಕಲಿ."

ಮುದುಕಿ ಅತ್ತಳು. ಅಳುತ್ತಲೇ ಮಡಿಲು ತುಂಬಿದಳು. ಬೀಡಿನಿಂದ ಮಗನನ್ನು ಕರೆಸಿ, ಇವಳು ನಿನ್ನ ತಂಗಿ, ಆ ಹುಲ್ಲುಗಾವಲು ಇವಳ ಅರಿಶಿನ ಕುಂಕುಮಕ್ಕೆ ಎಂದಳು. ತಾಯಿಯ ಮಾತು, ಮೀರುವಂತಿಲ್ಲ. ಹೆಂಗಸರ ಮಾತಿಗೆ ದಂಡು ತಿರುಗಿಸಿದೆ ಎಂದು ಅವನಾದರೂ ಯಾರ ಮುಂದೆ ಹೇಳಿಯಾನು? ಬಾಯಿ ಮುಚ್ಚಿಕೊಂಡು ಡೇರೆ ಕೀಳಿಸಿ ಹೊರಟುಹೋದ.

ಮಾಚಲೆಯ ಗಂಡ ಬೆಳಿಗ್ಗೆ ಎದ್ದು ನೋಡಿದರೆ ಬಯಲು ಖಾಲಿ. ತನ್ನ ಹೆಸರಿಗೇ ಹೆದರಿ ಶತ್ರು ಓಡಿಹೋದ ಎಂದುಕೊಂಡ. ಊರೂರಲ್ಲಿ ಡೋಲು ಬಾರಿಸಿದರು. ಹಾಡು ಕಟ್ಟುವವರಿಗೆ ಹೇಳಿಕೊಡಬೇಕೇ? ಅವರೂ ಕಟ್ಟಿದರು.

ಗೌರಿಹಬ್ಬ ಬಂತು, ತವರಿನಿಂದ ಬಾಗಿನವೂ ಬಂತು. ಮುಚ್ಚಿದ ಮೊರವನ್ನು ತೆರೆದೂ ನೋಡದೆ ಮಾಚಲೆ ಹಿಂದಕ್ಕೆ ಕಳಿಸಿದಳು. ಕಾರಣ ಹೇಳಲಿಲ್ಲ. ಹೆತ್ತಮ್ಮ ನೊಂದುಕೊಂಡಳು. ಗಂಡ ಗೆದ್ದ ಮೇಲೆ ಮಗಳಿಗೆ ಕೊಬ್ಬು ಬಂದಿದೆ ಎಂದು ತವರೂರಿನವರು ಆಡಿಕೊಂಡರು. ಗಂಡನಿಗೆ ಮಾತ್ರ ಖುಷಿ. ಗೆದ್ದವನ ಹೆಂಡತಿಗೆ ಅಷ್ಟು ಗತ್ತು ಇರಬೇಕು ಎಂದ. ಹುಚ್ಚಪ್ಪ, ಏನೆನ್ನಲಿ ಅವನಿಗೆ.

ಕೆಲವು ವರ್ಷಗಳ ಮೇಲೆ ಆ ಹೆತ್ತಮ್ಮ ತೀರಿಕೊಂಡಳು. ಮಾಚಲೆ ಹೋದಳು, ಆದರೆ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ನೆರೆಹೊರೆಯವರ ನಡುವೆ ನಿಂತು ಅತ್ತಳು. ಪಕ್ಕದಲ್ಲಿ ಮಗ ನಿಂತಿದ್ದ, ದಪ್ಪ ಮೀಸೆಯ ಗಂಡಸಾಗಿದ್ದ.

ಗುರುಗಳು ಅಲ್ಲಿಗೆ ಕಥೆ ಮುಗಿಸಿದರು.

"ಆಗಲಾದರೂ ಗಂಡನಿಗೆ ಒಂದು ಮಾತು ಹೇಳಬಾರದಿತ್ತೇ ಗುರುಗಳೇ?" ಎಂದ ಕೇತಯ್ಯ.

"ಹೇಳಿದ್ದರೆ, ನಿಜವಾಗಿಯೂ ಗೆದ್ದು ತೋರಿಸುತ್ತೇನೆಂದು ಅವನು ಅವತ್ತೇ ಮಗನನ್ನು ಕರೆದುಕೊಂಡು ದಂಡೆತ್ತಿ ಹೋಗುತ್ತಿದ್ದನಪ್ಪ" ಎಂದರು ಗುರುಗಳು.